ಕರಿಕಲ್ಲಿನ ಮೇಲೆ ಬಿಳಿ ಹೆಜ್ಜೆ

ಒಂದೂರು ಅಂತ ತಿಳಿದುಕೊಳ್ಳಿ. ಆ ಊರಿಗೊಬ್ಬ ಸಿರಿವಂತ. ಹೆಸರು ಕೇಳಬೇಡಿ, ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ‘ಓಹೋ, ಅವರ ಕಥೆಯೋ’ ಎಂದು ಹಾಯಾಗಿ ಮಠದ ಕಂಬಕ್ಕೆ ಒರಗಿ ಕೂತುಬಿಡುತ್ತೀರಿ. ಒರಗುವುದು ಬೇಡ, ಬೆನ್ನು ನೆಟ್ಟಗಿರಲಿ. ಸಾಹುಕಾರ ಅನ್ನೋಣ, ಸಾಕು.

ಕೆಟ್ಟವನೇನಲ್ಲ, ನೋಡಿ. ಕಥೆಯಲ್ಲಿ ಶ್ರೀಮಂತ ಬಂದ ಅಂದಕೂಡಲೆ ‘ಇವನಿಗೆ ಈಗ ಬೀಳುತ್ತದೆ ಏಟು’ ಎಂದು ನೀವು ಕಾಯುತ್ತೀರಿ, ನನಗೆ ಗೊತ್ತು. ಇವನು ಒಳ್ಳೆಯವನು. ಒಳ್ಳೆಯವನಾಗಿದ್ದಕ್ಕೇ ಈ ಕಥೆ ಹುಟ್ಟಿತು. ಕೆಟ್ಟವರ ತಪ್ಪು ಊರಿಗೆಲ್ಲ ಕಾಣುತ್ತದೆ. ಒಳ್ಳೆಯವರ ತಪ್ಪು ಯಾರಿಗೂ ಕಾಣುವುದಿಲ್ಲ, ಮಾಡಿದವರಿಗಂತೂ ಮೊದಲೇ ಕಾಣುವುದಿಲ್ಲ.

ಇವನ ಹೆಂಡತಿ ತೀರಿಕೊಂಡದ್ದು ಆ ಊರಿಗೆ ಡಾಕ್ಟರೇ ಇಲ್ಲದ ಕಾಲದಲ್ಲಿ. ಮೂರು ದಿನದ ಜ್ವರ. ನಾಲ್ಕನೆಯ ದಿನ ಚಕ್ಕಡಿ ಹೂಡಿ ಪಟ್ಟಣದ ದವಾಖಾನೆಗೆ ಹೊರಟರು. ಅರ್ಧ ದಾರಿಯಲ್ಲಿ ಉಸಿರು ನಿಂತಿತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಅವನು ಮಾತು ಕೊಟ್ಟ: “ಇನ್ನ ಈ ಊರಾಗ ಯಾವ ಹೆಣ್ಮಗಳೂ ದವಾಖಾನಿ ಇಲ್ಲಂತ ಸಾಯಬಾರದು. ನಾ ಕಟ್ಟಸ್ತೀನಿ.” ಬದುಕಿದ್ದವರಿಗೆ ಕೊಟ್ಟ ಮಾತನ್ನೇ ನಾವು ನೆಟ್ಟಗೆ ನಡೆಸುವುದಿಲ್ಲ. ಸತ್ತವರು ಎದ್ದು ಬಂದು ಕೇಳುತ್ತಾರೆಯೇ? ಆದರೂ ಇವನು ಇಪ್ಪತ್ತು ವರ್ಷ ದುಡಿದು ಮಾತು ನಡೆಸಿದ. ಊರ ನಡುವೆ ಆರೋಗ್ಯ ಕೇಂದ್ರ ಎದ್ದಿತು. ಡಾಕ್ಟರಮ್ಮ ಬಂದರು, ನರ್ಸುಗಳು ಬಂದರು, ರಕ್ತ ನೋಡುವ ಯಂತ್ರ ಬಂತು. ಔಷಧ, ಇಂಜೆಕ್ಷನ್ ಎಲ್ಲವೂ ಧರ್ಮಾರ್ಥ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ: ‘ಇಲ್ಲಿ ಎಲ್ಲರಿಗೂ ಒಂದೇ ಸಾಲು.’

ಇನ್ನು ಆ ಕೇಂದ್ರದ ನೆಲ! ನೆಲದ ಮಾತು ಹೇಳಲೇಬೇಕು. ಹೆಂಡತಿಗೆ ನೆಲದ ಹುಚ್ಚು. ಬೆಳಗೆದ್ದು ಸಾರಿಸಿ, ರಂಗೋಲಿ ಹಾಕದೆ ಚಹಾ ಮುಟ್ಟಿದವಳಲ್ಲ. ಅವಳ ನೆನಪಿಗೆಂದು ಸಾಹುಕಾರ ಕರಿ ಗ್ರಾನೈಟ್ ಹಾಸಿಸಿದ. ಕನ್ನಡಿಯಂಥ ನೆಲ. ಬಗ್ಗಿ ನೋಡಿದರೆ ಮೀಸೆ ತಿದ್ದಿಕೊಳ್ಳಬಹುದು. ಬಾಗಿಲಿಗೊಬ್ಬ ಕಾವಲುಗಾರನನ್ನಿಟ್ಟು ಒಂದೇ ಮಾತು ಹೇಳಿದ: “ನೆಲಾ ಹೊಲಸಾಗಬಾರದು ನೋಡ. ಅದು ನಮ್ಮಾಕಿ ನೆನಪು.”

ದಿನಾ ಬೆಳಿಗ್ಗೆ ಬಂದು ಹೆಂಡತಿಯ ಫೋಟೋದ ಕೆಳಗಿನ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ನಡುನಡುವೆ ನೆಲ ನೋಡುತ್ತಿದ್ದ. ನೆಲದಲ್ಲಿ ಏನು ಕಾಣುತ್ತಿತ್ತು ಹೇಳಿ? ಅವನದೇ ಮುಖ. ಮನಸ್ಸು ತುಂಬುತ್ತಿತ್ತು.

ವರ್ಷ ಕಳೆಯಿತು. ಆ ಕೇಂದ್ರದಲ್ಲಿ ಒಬ್ಬ ನರ್ಸ್ ಇದ್ದಳು, ಫಕೀರವ್ವ. ಇವಳ ಹೆಸರು ಹೇಳುತ್ತೇನೆ, ಇವಳ ಹೆಸರು ಗೊತ್ತಿರಬೇಕು. ಮನೆಮನೆಗೆ ಹೋಗಿ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ, ಯಾವ ಕೂಸಿಗೆ ಲಸಿಕೆ ತಪ್ಪಿದೆ ಎಂದು ಕೇಳಿಕೊಂಡು ಬರುವವಳು. ಊರಿನ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿದ್ದಳು. ಯಾವ ಮನೆಯವರು ಒಮ್ಮೆ ಕೇಂದ್ರಕ್ಕೆ ಬಂದು ತೋರಿಸಿಕೊಂಡರೋ, ನಕ್ಷೆಯಲ್ಲಿ ಆ ಮನೆಯ ಮೇಲೆ ಒಂದು ಟಿಕಳಿ ಹಚ್ಚುತ್ತಿದ್ದಳು. ಹಣೆಗೆ ಹಚ್ಚಿಕೊಳ್ಳುವುದೇ, ಕೆಂಪು ಟಿಕಳಿ. ಪೇಟೆ ಬೀದಿ ತುಂಬ ಕೆಂಪು. ಗುಡಿ ಓಣಿ ತುಂಬ ಕೆಂಪು. ಬಾಣಂತಿಯರು, ಮುದುಕರು, ಶೀತ ಆದವರು, ಶೀತ ಆಗಬಹುದು ಎಂದು ಹೆದರಿದವರು, ಎಲ್ಲರೂ ಬಂದು ಹೋಗಿದ್ದರು.

ಒಂದು ದಿನ ಅವಳು ಬೆಂಚಿನ ಹತ್ತಿರ ಬಂದು ನಿಂತಳು.

“ಸಾವ್ಕಾರ್ರ, ಪೇಪರ್ ಆಮ್ಯಾಲೆ ಓದ್ರಿ. ಒಮ್ಮಿ ಇದನ್ನ ನೋಡ್ರಿ.”

ನಕ್ಷೆಯ ಒಂದು ಮೂಲೆ ಬೋಳು. ರೈಲ್ವೆ ಗೇಟಿನಾಚೆ ಸುಣ್ಣದ ಭಟ್ಟಿ ಓಣಿ. ಕಲ್ಲು ಸುಟ್ಟು ಸುಣ್ಣ ಮಾಡುವವರ ಅರವತ್ತು ಮನೆ. ಒಂದು ಮನೆಯ ಮೇಲೂ ಟಿಕಳಿ ಇಲ್ಲ.

“ಯಾಕ? ಅಲ್ಲಿ ಯಾರಿಗೂ ಜಡ್ಡ ಬರೂದಿಲ್ಲೇನ?” ಎಂದ ಸಾಹುಕಾರ.

“ಜಡ್ಡ ಅಲ್ಲೇ ಹೆಚ್ಚ ಅದಾವ್ರಿ. ಕೆಮ್ಮು, ಕಣ್ಣುರಿ, ಒಡದ ಕಾಲು. ಅರವತ್ತು ತುಂಬಿದವರು ಆ ಓಣ್ಯಾಗ ಮೂರ ಮಂದಿ.”

“ಬಾಗ್ಲಾ ತಗದೈತಿ. ಪುಗಸಟ್ಟೆ ಔಷಧ ಐತಿ. ಎಲ್ಲಾರಿಗೂ ಒಂದ ಸಾಲು ಅಂತ ಬರಸೇನಿ. ಬರದಿದ್ರ ಅದು ಅವರ ಹಣಿಬರಹ ಫಕೀರವ್ವಾ, ನಾ ಏನ್ ಮಾಡ್ಲಿ?”

ನೋಡಿ, ಈ ಮಾತು ಎಷ್ಟು ಸರಿ ಅನ್ನಿಸುತ್ತದೆ! ನಾವೂ ಅನ್ನುವುದಿಲ್ಲವೇ? ‘ಶಾಲೆ ಇದೆ, ಬರದಿದ್ದರೆ ಅವರ ಕರ್ಮ. ದವಾಖಾನೆ ಇದೆ, ಹೋಗದಿದ್ದರೆ ಅವರ ಕರ್ಮ.’ ಬಾಗಿಲು ತೆರೆದಿಟ್ಟೆವು, ನಮ್ಮ ಕೆಲಸ ಮುಗಿಯಿತು. ಮುಗಿಯಿತೇ? ಫಕೀರವ್ವ ಏನಂದಳು ಕೇಳಿ.

“ಸಾವ್ಕಾರ್ರ, ನೀವು ಮಠದ ದಾಸೋಹಕ್ಕ ಹೋಗ್ತೀರಿ. ಪಂಕ್ತ್ಯಾಗ ಎಲ್ಲಿ ಕೂಡ್ತೀರಿ?”

“ಎಲ್ಲಿ ಕೂಡ್ತಾರವಾ, ಮುಂದ. ಕರದು ಕುಂದರಸ್ತಾರ.”

“ತುದೀಗೆ ಎಂದರ ಕುಂತೀರೇನ್ರಿ?”

ಸಾಹುಕಾರ ನೆನಪು ಮಾಡಿಕೊಂಡ. ಇಲ್ಲ. ಹುಟ್ಟಿದಾಗಿನಿಂದ ಇಲ್ಲ.

“ನಮ್ಮವ್ವ ದಾಸೋಹದಾಗ ಮುಸುರಿ ತಿಕ್ಕತಿದ್ಲು. ನಾ ಸಣ್ಣಾಕಿ, ತುದೀಗೆ ಕೂಡತಿದ್ನಿ. ಹುಗ್ಗಿ ಬೋಗುಣಿ ಮುಂದಿಂದ ಹೊಂಡತಿತ್ತು. ಮುಂದಿನವರಿಗೆ ಗೋಡಂಬಿ ತುಂಬಿದ ಮ್ಯಾಲಿನ ಹುಗ್ಗಿ, ಕೈತುಂಬ ತುಪ್ಪ. ನನ್ನ ಎಲಿಗೆ ಬರೂದ್ರಾಗ ಬೋಗುಣಿ ತಳಾ ಕೆರಿಯೋ ಸಪ್ಪಳ ಕೇಳತಿತ್ತು. ಯಾರೂ ಮೋಸ ಮಾಡಲಿಲ್ರಿ. ಒಂದ ಪಂಕ್ತಿ, ಒಂದ ಸೌಟು. ಆದರ ನಾ ಹತ್ತು ವರ್ಷ ತಳದ ಹುಗ್ಗೀನ ಉಂಡೆ.”

ಸಾಹುಕಾರ ಪೇಪರ್ ಮಡಿಸಿಟ್ಟ.

“ಏನ್ ಮಾಡಬೇಕಂತಿ?”

“ಇವತ್ತ ತುದಿಂದ ಹೊಂಡೂಣ ಬರ್ರಿ. ಭಟ್ಟಿ ಓಣಿ, ಅದರಾಗೂ ಕಡೀ ಮನಿ.”

ಹೊರಟರು. ಅವನ ಕಾರು ಗೇಟಿನ ತನಕ ಮಾತ್ರ ಹೋಯಿತು, ಮುಂದಿನ ಕಲ್ಲುದಾರಿ ಕಾರಿಗೆ ಆಗುವಂಥದ್ದಲ್ಲ. ಇಳಿದು ನಡೆದರು. ನಿಮಗೆ ಆ ಓಣಿ ಹೇಗೆ ತೋರಿಸಲಿ? ಎಲ್ಲ ಬಿಳಿ. ಮನೆಯ ಗೋಡೆ ಬಿಳಿ, ಚಾವಣಿ ಬಿಳಿ, ಬೇವಿನ ಮರ ಬಿಳಿ, ಅದರ ಕೆಳಗೆ ಮಲಗಿದ ನಾಯಿ ಬಿಳಿ. ಕರಿ ಆಡು ಕೂಡ ಅಲ್ಲಿ ಬೂದು. ಗಾಳಿ ಬೀಸಿದರೆ ಸುಣ್ಣದ ಹುಡಿ ಎದ್ದು ಮೂಗಿಗೆ, ಕಣ್ಣಿಗೆ. ಸಾಹುಕಾರನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಉರಿಗೆ. ಅವನ ಮೈ ಮೇಲಿನ ಕೋಟು, ತಲೆಯ ಮೇಲಿನ ಹಳದಿ ರುಮಾಲು, ಮೀಸೆ, ಎಲ್ಲ ಒಂದೇ ಬಣ್ಣಕ್ಕೆ ತಿರುಗಿದವು.

ಕಡೆಯ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕೂತಿದ್ದಳು, ದ್ಯಾಮವ್ವ ಅಂತ.

“ಯಾರವಾ ಇಂವ, ಫಕೀರವ್ವಾ? ಕಂಬಳಿ ಮಾರಾಂವನ? ನಮಗ ಬ್ಯಾಡ ಅನ್ನ, ಇರೂ ಕಂಬಳೀನ ಹರದಾವ.”

“ಕಂಬಳಿ ಅಲ್ಲಬೇ. ನನ್ನ ಸಂಗಾಟ ಬಂದಾರ. ನಿನ್ನ ಸೊಸಿ ಹ್ಯಾಂಗದಾಳ?”

ಮುದುಕಿಯ ತಮಾಷೆ ಅಲ್ಲಿಗೇ ನಿಂತಿತು. “ನೀನ ನೋಡ ಬಾ. ನನ್ನ ಮಾತು ಕೇಳವಲ್ಲಳು.”

ಒಳಗೆ ಸೊಸೆ ಹುಲಿಗೆವ್ವ ಗೋಡೆಗೆ ಒರಗಿ ಕೂತಿದ್ದಳು. ಎಂಟು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸುರಾಗಿ ಎರಡು ಕೂಸನ್ನೂ ಮಣ್ಣಿಗೆ ಕೊಟ್ಟವಳು. ಕಾಲು ಬಾತು ಕಂಬದಂತಾಗಿದ್ದವು, ಮುಖವೂ ಉಬ್ಬಿತ್ತು. ಫಕೀರವ್ವ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು.

“ತಲಿ ನೋಯತೈತೇನ? ಕಣ್ಣು ಮಂಜ ಆಗತಾವೇನ?”

“ಎರಡು ದಿನಾತು.”

“ಹುಲಿಗೆವ್ವಾ, ಇವತ್ತ, ಈಗ, ಡಾಕ್ಟರಬಾಯಿ ಹಂತ್ಯಾಕ ಬರಬೇಕು ನೀ. ನಾಳೆ ಅಂದ್ರ ಕೂಸೂ ಉಳಿಯಂಗಿಲ್ಲ, ನೀನೂ ಉಳಿಯಂಗಿಲ್ಲ. ಸುಳ್ಳ ಹೇಳೂದಿಲ್ಲ ನಾ.”

“ಇಲ್ಲೇ ಸಾಯ್ತೀನಿ. ಆ ಕನ್ನಡಿ ಮನಿಗೆ ಬರೂದಿಲ್ಲ.”

ಬಾಗಿಲಲ್ಲಿ ನಿಂತಿದ್ದ ಸಾಹುಕಾರನಿಗೆ ತಡೆಯಲಾಗಲಿಲ್ಲ. “ಯಾಕವಾ? ಏನ್ ಕಡಿಮಿ ಆಗೇತಿ ಅಲ್ಲಿ?”

ಹುಲಿಗೆವ್ವ ಅವನನ್ನು ನೋಡಿದಳು. ಮೈಯೆಲ್ಲ ಸುಣ್ಣ ಬಳಿದುಕೊಂಡ ಯಾರೋ ಮುದುಕ. ಓಣಿಯವರ ಹಾಗೇ ಕಂಡ. ಹಾಗಾಗಿ ಹೇಳಿದಳು.

“ಮೂರು ತಿಂಗಳಾಗಿತ್ತರಿ ಅವಾಗ. ಈ ಸಲರ ಕೂಸು ಉಳೀಲಿ ಅಂತ ಮುಂಜಾನಿ ಭಟ್ಟಿ ಕೆಲಸ ಅರ್ಧಕ್ಕ ಬಿಟ್ಟು ಹಂಗ ಹೋದ್ನಿ. ಎಲ್ಲಾರಂಗ ಚಪ್ಪಲಿ ಹೊರಗ ಬಿಟ್ನಿ. ನಮ್ಮ ಕಾಲು ಗೊತ್ತಲ್ಲ, ತೊಳದರೂ ಸೀಳಿನಾಗಿನ ಸುಣ್ಣಾ ಹೋಗೂದಿಲ್ಲ. ನಾಕು ಹೆಜ್ಜಿ ಇಟ್ಟಿರಬೇಕು, ಕರೀ ನೆಲದ ಮ್ಯಾಲೆ ನಾಕು ಬಿಳೀ ಪಾದ ಮೂಡಿದವು. ಬಾಗ್ಲಾ ಕಾಯಾಂವ ಒದರ್ಕೊಂತ ಬಂದ. ಕೈಯಾಗ ಅರಿವಿ ಕೊಟ್ಟ. ‘ನಿನ್ನ ಹೊಲಸು ನೀನ ಒರಸು’ ಅಂದ. ಸಾಲಿನಾಗಿನವರೆಲ್ಲ ನೋಡಾಕ ಹತ್ತಿದ್ರು. ಮೊಣಕಾಲೂರಿ ಹಿಂದ ಹಿಂದ ಸರಕೊಂತ, ನನ್ನ ಪಾದ ನಾನ ಒರಸಿಕೊಂತ ಹೊರಗ ಬಂದ್ನಿ.”

ಬಾತ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಮತ್ತೆ ಅಂದಳು:

“ಕಾಯಾಂವ ಬೈದದ್ದು ನಂಗೇನ್ ಅಲ್ಲರಿ. ಅಂವಾ ಹೊಟ್ಟಿಗೆ ದುಡ್ಯಾಂವ, ಹೇಳಿದ್ದು ಮಾಡ್ತಾನ. ಅಲ್ಲಿ ಫೋಟೋದ ಕೆಳಗ ಹಿರ್ಯಾ ಒಬ್ಬಾಂವ ಕುಂತಿದ್ದ, ಹಳದಿ ರುಮಾಲಿನಾಂವ. ‘ಹೋಗಲಿ ಬಿಡೋ’ ಅಂತಾನೇನೋ ಅಂತ ಆ ಕಡೆ ನೋಡಿದ್ನಿ. ಅಂವಾ ನನ್ನ ನೋಡಲಿಲ್ಲ. ನಾ ಒರಸಿದ ನೆಲಾ ನೋಡಿದ. ನೋಡಿ ಪೇಪರ್ ಓದಾಕ ಹತ್ತಿದ.”

ಈಗ ನೀವೇ ಹೇಳಿ. ಆ ಹೊತ್ತಿಗೆ ಆ ಮನುಷ್ಯನ ಎದೆಯೊಳಗೆ ಏನಾಗಿರಬೇಕು? ಸಿಡಿಲು ಬಡಿಯಿತು ಅನ್ನಲೇ? ಸಿಡಿಲು ಬಡಿದರೆ ಒಮ್ಮೆಗೇ ಮುಗಿಯುತ್ತದೆ. ಅವನಿಗೆ ನೆನಪಾಯಿತು, ಅಷ್ಟೆ. ಆ ದಿನ ನೆನಪಾಯಿತು. ಯಾರೋ ಬಗ್ಗಿ ನೆಲ ಒರೆಸುತ್ತಿದ್ದದ್ದು ನೆನಪಾಯಿತು. ‘ಭೇಷ್, ನೆಲ ಮತ್ತೆ ಹೊಳೆಯಿತು’ ಎಂದುಕೊಂಡದ್ದೂ ನೆನಪಾಯಿತು. ಒರೆಸಿದವಳ ಮುಖ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಅವನು ಅದನ್ನು ನೋಡಿಯೇ ಇರಲಿಲ್ಲ.

ಹೆಂಡತಿಗೆ ಕೊಟ್ಟ ಮಾತೇನು? ಯಾವ ಹೆಣ್ಣುಮಗಳೂ ಸಾಯಬಾರದು. ಇಲ್ಲೊಬ್ಬಳು ಸಾಯಲು ಕೂತಿದ್ದಾಳೆ. ದವಾಖಾನೆ ಇಲ್ಲದೆ ಅಲ್ಲ, ಅವನು ಕಟ್ಟಿಸಿದ ದವಾಖಾನೆಗೆ ಹೆದರಿ.

ಅವನು ಮೆಲ್ಲಗೆ ರುಮಾಲು ತೆಗೆದ. ಜಾಡಿಸಿದ. ಸುಣ್ಣ ಉದುರಿ ಹಳದಿ ಕಂಡಿತು.

“ಯವ್ವಾ, ಆ ಹಿರ್ಯಾ ನಾನ.”

ದ್ಯಾಮವ್ವ ಕಟ್ಟೆಯಿಂದೆದ್ದು ಒಳಗೆ ಬರುತ್ತ ಅಂದಳು: “ಹಂಗಾರ ಕಂಬಳಿ ಮಾರಾಂವನಾಗಿದ್ರ ಚೊಲೋ ಇತ್ತು.”

“ಖರೆ ಐತಿಬೇ,” ಎಂದ ಸಾಹುಕಾರ. ಹುಲಿಗೆವ್ವನ ಕಡೆ ತಿರುಗಿದ. “ತಪ್ಪಾಗೇತಿ. ನೀ ನನಗ ಮಾಫ್ ಮಾಡಬೇಕಂತ ಕೇಳೂದಿಲ್ಲ. ಬೇಕಾದ್ರ ಬೈಕೊಂತ ಬಾ. ಆದರ ಬಾ. ನಿನ್ನ ಕೂಸಿಂದೇನ್ ತಪ್ಪೈತಿ? ಮೊದಲ ನಾ ಒಳಗ ಹೆಜ್ಜಿ ಇಡ್ತೀನಿ. ನನ್ನ ಹಿಂದ ನೀ ಬಾ. ಒರಸು ಅಂತ ಯಾರ ಅಂತಾರ ನೋಡೂಣು.”

ಬೂಟು ಬಿಚ್ಚಿ ಅಲ್ಲೇ ಬಿಟ್ಟ. ಅಂಗಳದ ಸುಣ್ಣದ ರಾಡಿಯಲ್ಲಿ ಬರಿಗಾಲಿಟ್ಟ. ಅರಳಿದ ಸುಣ್ಣ ಕಾಲಿಗೆ ಚುರುಚುರು ಅಂತು. ಒಂದು ಗಳಿಗೆ ತಡೆಯಲಾಗದ ಉರಿ. ಇದರಲ್ಲಿ ಇವರು ದಿನವಿಡೀ ನಿಲ್ಲುತ್ತಾರಲ್ಲ ಎಂದು ಬೆರಗಾದ.

ಹುಲಿಗೆವ್ವ ಅವನ ಪಾದ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಕಡೆ ಕೈ ಚಾಚಿದಳು. “ಹಿಡೀಬೇ. ಏಳ್ತೀನಿ.”

ಫಕೀರವ್ವ ಆಗಲೇ ಓಡಿಹೋಗಿ ಗೇಟಿನ ಹತ್ತಿರದಿಂದ ಟಂಟಂ ಆಟೋ ಕರೆತಂದಿದ್ದಳು. ಅದು ಕಲ್ಲುದಾರಿಯಲ್ಲಿ ಹೇಗೋ ಓಲಾಡುತ್ತ ಓಣಿಯ ತನಕ ಬಂತು.

ಕೇಂದ್ರದ ಮುಂದೆ ಇಳಿದರು. ಸಾಹುಕಾರ ಬಾಗಿಲಲ್ಲಿ ಒಂದು ಕ್ಷಣ ನಿಂತ. ಎದುರಿಗೆ ಕರಿಕಲ್ಲಿನ ಕನ್ನಡಿ. ಅದರಲ್ಲಿ ಅವನ ಮುಖ, ಹೆಂಡತಿಯ ಫೋಟೋ. ಬಲಗಾಲು ಇಟ್ಟ. ಬಿಳಿ ಪಾದ ಮೂಡಿತು. ಎಡಗಾಲು ಇಟ್ಟ. ಇನ್ನೊಂದು. ಹಿಂದೆ ಹುಲಿಗೆವ್ವ, ಒಂದು ಕೈ ಅತ್ತೆಯ ಹೆಗಲ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಅವಳ ಹೆಜ್ಜೆ ಅವನ ಹೆಜ್ಜೆಯ ಪಕ್ಕದಲ್ಲಿ ಮೂಡುತ್ತ ಬಂತು. ಕಾವಲುಗಾರ ಅರಿವೆ ಹಿಡಿದು ಓಡಿ ಬಂದವನು ಸಾಹುಕಾರನ ಬರಿಗಾಲು ನೋಡಿ ಕಂಬದಂತೆ ನಿಂತ.

“ಅರಿವಿ ಒಳಗಿಡಪಾ,” ಎಂದ ಸಾಹುಕಾರ. “ಕುರ್ಚಿ ತಗೊಂಬಾ, ಈಕಿಗೆ.”

ಸಾಲಿನಲ್ಲಿ ಮೂವತ್ತು ಜನ. ಎಲ್ಲರಿಗೂ ಒಂದೇ ಸಾಲು, ಅಲ್ಲವೇ? ಹುಲಿಗೆವ್ವನ ಸರದಿ ಮೂವತ್ತೊಂದನೆಯದು. ಎಲ್ಲರಿಗಿಂತ ಮುಂದೆ ನಿಂತವನು ಪೇಟೆಯ ದಢೂತಿ ವ್ಯಾಪಾರಿ, ಶೀತಕ್ಕೆ ಗುಳಿಗೆ ಒಯ್ಯಲು ಬಂದವನು. ಅವನು ತಿರುಗಿ ಆ ಬಾತ ಕಾಲು ನೋಡಿದ, ನೆಲದ ಮೇಲಿನ ಹೆಜ್ಜೆ ನೋಡಿದ. ಏನನ್ನಿಸಿತೋ, “ಮೊದಲ ಹೋಗವಾ, ನನ್ನ ಮೂಗು ಎಲ್ಲೂ ಓಡಿಹೋಗೂದಿಲ್ಲ” ಎಂದು ಸರಿದ. ಅವನ ಹಿಂದಿನವಳು ಸರಿದಳು. ಅವಳ ಹಿಂದಿನವನು ಸರಿದ. ಸಾಲೇ ಇಬ್ಭಾಗವಾಗಿ ದಾರಿ ಬಿಟ್ಟಿತು.

ಡಾಕ್ಟರಮ್ಮ ನೋಡಿದರು, ಇಂಜೆಕ್ಷನ್ ಕೊಟ್ಟರು. ಕೇಂದ್ರದ ಗಾಡಿಯಲ್ಲೇ ಮಲಗಿಸಿ, ತಾವೇ ಜೊತೆಗೆ ಕೂತು ಜಿಲ್ಲಾ ಆಸ್ಪತ್ರೆಗೆ ಹೊರಟರು. ಹಿಂದೊಮ್ಮೆ ಒಂದು ಚಕ್ಕಡಿ ಅದೇ ದಾರಿಯಲ್ಲಿ ಹೊರಟಿತ್ತು, ನೆನಪಿದೆಯೇ? ಅದು ಮುಟ್ಟಲಿಲ್ಲ. ಇದು ಮುಟ್ಟಿತು. ಮರುದಿನ ಮಧ್ಯಾಹ್ನ ಫಕೀರವ್ವನ ಫೋನಿಗೆ ಸುದ್ದಿ ಬಂತು: ಹೆಣ್ಣುಕೂಸು. ಸಣ್ಣದು, ಅಂಗೈಯಗಲ, ಆದರೆ ಅತ್ತ ದನಿ ಕಾರಿಡಾರಿನ ತುದಿಯವರೆಗೂ ಕೇಳಿತಂತೆ. ತಾಯಿಯೂ ಉಳಿದಳು.

ಆ ಸುದ್ದಿ ಭಟ್ಟಿ ಓಣಿಗೆ ಮುಟ್ಟಿದ ಮರುದಿನ ಏನಾಯಿತು ಕೇಳಿ. ಸಾಹುಕಾರ ಎಂದಿನಂತೆ ಬಂದು ಬಾಗಿಲಲ್ಲಿ ನಿಂತವನು ನಿಂತೇಬಿಟ್ಟ. ಓಣಿಯ ಹೆಂಗಸರು ಬಂದಿದ್ದರು. ಕೆಮ್ಮುವ ಗಂಡಸರು ಬಂದಿದ್ದರು, ಸೊಂಟದ ಮೇಲೆ ಕೂಸುಗಳು ಬಂದಿದ್ದವು. ಕರಿ ನೆಲದ ತುಂಬ ಬಿಳಿ ಹೆಜ್ಜೆ. ದೊಡ್ಡ ಹೆಜ್ಜೆ, ಸಣ್ಣ ಹೆಜ್ಜೆ, ಕುಂಟುವವರ ಒಂದೂವರೆ ಹೆಜ್ಜೆ, ಈಗಷ್ಟೇ ನಡೆಯಲು ಕಲಿತ ಕೂಸಿನ ಹುಣಸೆಬೀಜದಂಥ ಬೆರಳಿನ ಗುರುತು. ಒಂದೊಂದೂ ಹೊಸ್ತಿಲು ದಾಟಿ ಒಳಮುಖವಾಗಿ.

ಎಲ್ಲೋ ನೋಡಿದ್ದೇನಲ್ಲ ಇದನ್ನು ಎಂದುಕೊಂಡ. ನೆನಪಾಯಿತು. ದೀಪಾವಳಿಗೆ ಹೆಂಡತಿ ಮನೆಯ ಕರಿ ನೆಲ ಸಾರಿಸಿ, ರಂಗೋಲಿಯಲ್ಲಿ ಪುಟ್ಟ ಪುಟ್ಟ ಪಾದ ಬರೆಯುತ್ತಿದ್ದಳು. ಹೊಸ್ತಿಲಿನಿಂದ ದೇವರ ಕೋಣೆಯ ತನಕ, ಲಕ್ಷ್ಮಿ ಒಳಗೆ ಬರುವ ಪಾದ. “ಹುಷಾರಿ, ತುಳೀಬ್ಯಾಡ್ರಿ, ಆಕಿ ಬರೋ ಹಾದಿ” ಅನ್ನುತ್ತಿದ್ದಳು.

ಆ ಪಾದಗಳನ್ನು ಅವನು ಒರೆಸಿ ಹೊರಗೆ ಹಾಕಿಸಿದ್ದ! ಬರುವ ಲಕ್ಷ್ಮಿಯ ಕೈಗೆ ಅರಿವೆ ಕೊಟ್ಟು, ನಿನ್ನ ಹೆಜ್ಜೆ ನೀನೇ ಒರೆಸಿಕೊಂಡು ಹೋಗು ಅನ್ನಿಸಿದ್ದ. ಬಗ್ಗಿ ನೆಲ ನೋಡಿದ. ಅವನ ಮುಖ ಎಲ್ಲೂ ಕಾಣಲಿಲ್ಲ, ಅಷ್ಟು ಹೆಜ್ಜೆ ತುಂಬಿದ್ದವು. ಹೊಸ್ತಿಲಿನ ಹೊರಗೇ ಮೊಣಕಾಲೂರಿ ಆ ನೆಲಕ್ಕೆ ಹಣೆ ಹಚ್ಚಿದ. ಎದ್ದಾಗ ಹಣೆಯ ಮೇಲೆ ವಿಭೂತಿಯಂತೆ ಸುಣ್ಣ.

“ಇನ್ನ ಮುಂದ ಈ ನೆಲಾ ಯಾರೂ ಒರಸಬಾರದು!” ಎಂದ.

ಡಾಕ್ಟರಮ್ಮ ಒಳಗಿನಿಂದ ಇಣುಕಿದರು. “ಒರಸಲೇಬೇಕ್ರಿ ಸಾವ್ಕಾರ್ರ, ಇದು ದವಾಖಾನಿ. ಮಂದಿ ಎಲ್ಲಾ ಹೋದಮ್ಯಾಲೆ ದಿನಾ ಸಂಜೀಗೆ ಫಿನೈಲ್ ಹಾಕಿ ಒರಸಬೇಕು.”

ಎಲ್ಲರೂ ನಕ್ಕರು. ಸಾಹುಕಾರನೂ ನಕ್ಕ. ಅಂದಿನಿಂದ ಸಂಜೆ ಆ ನೆಲ ಒರೆಸುತ್ತಿದ್ದವನು ಅವನೇ. ಹಿಂದೆ ಹಿಂದೆ ಸರಿಯುತ್ತ, ಮೊಣಕಾಲೂರಿ. ಭಟ್ಟಿ ಬಿಡುವುದು ಮೂರು ಗಂಟೆಗೆ ಎಂದು ತಿಳಿದು, ಒಂದು ಗಂಟೆಗೆ ಮುಚ್ಚುತ್ತಿದ್ದ ಕೇಂದ್ರವನ್ನು ಏಳರ ತನಕ ತೆರೆಸಿದ. ಬುಧವಾರ ಡಾಕ್ಟರಮ್ಮನೇ ಓಣಿಗೆ ಹೋದರು, ಕಡೆಯ ಮನೆಯಿಂದ ಶುರುಮಾಡಿ. ಬಾಗಿಲ ಮೇಲೆ ‘ಎಲ್ಲರಿಗೂ ಒಂದೇ ಸಾಲು’ ಎಂದಿತ್ತಲ್ಲ, ಅದರ ಕೆಳಗೆ ಫಕೀರವ್ವ ಇನ್ನೊಂದು ಸಾಲು ಬರೆಸಿದಳು: ‘ಹೆಚ್ಚು ನೋವಿದ್ದವರು ಮುಂದೆ ಬನ್ನಿ.’ ನಕ್ಷೆಯ ಆ ಬೋಳು ಮೂಲೆಯಲ್ಲಿ ಮೊದಲ ಟಿಕಳಿ ಹುಲಿಗೆವ್ವನ ಮನೆಗೆ ಬಿತ್ತು. ಹಚ್ಚಿದ್ದು ದ್ಯಾಮವ್ವ, ತನ್ನ ಸೊಸೆಯ ಹಣೆಯಿಂದ ಕಿತ್ತು.

ಕಥೆ ಮುಗಿಯಿತು. ಈಗ ನಿಮ್ಮ ಕಡೆ ಬರುತ್ತೇನೆ, ಬೆನ್ನು ನೆಟ್ಟಗಿದೆಯಲ್ಲ?

ನಿಮ್ಮ ಮನೆಯ ನೆಲ ಒರೆಸಲು ಬರುವವಳಿದ್ದಾಳೆ. ಅವಳಿಗೆ ಬಿಪಿ ಎಷ್ಟಿದೆ? ಗೊತ್ತಿಲ್ಲ. ನಿಮ್ಮ ಗಟಾರ ಬಳಿಯುವವನ ಕೆಮ್ಮು ಎಷ್ಟು ದಿನದ್ದು? ಗೊತ್ತಿಲ್ಲ. ನಿಮ್ಮ ಸಕ್ಕರೆ ಮಾತ್ರ ಊಟದ ಮೊದಲು ಎಷ್ಟು, ಊಟದ ಮೇಲೆ ಎಷ್ಟು ಎಂದು ಬಾಯಿಪಾಠ. ನಾಳೆ ಅವಳು ಬಂದಾಗ ಪೊರಕೆ ಕೊಡುವ ಮೊದಲು ‘ಕೂಡವಾ, ಆರೋಗ್ಯ ಹ್ಯಾಂಗೈತಿ?’ ಎಂದು ಕೇಳಿ. ಕೇಳಿ ಬಿಟ್ಟುಬಿಡಬೇಡಿ, ಜೊತೆಗೆ ಹೋಗಿ. ‘ದವಾಖಾನೆ ಅಲ್ಲೇ ಇದೆ, ಹೋಗಬಾರದೇ’ ಅನ್ನುವುದು ಸುಲಭ. ಜೊತೆಗೆ ನಡೆದು, ಅಲ್ಲಿ ಅವಳಿಗೆ ಯಾರು ಯಾವ ದನಿಯಲ್ಲಿ ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಅಲ್ಲಿ ಯಾರಾದರೂ ಅವಳ ಕೈಗೆ ಅರಿವೆ ಕೊಟ್ಟರೆ ನೀವು ಬೆಂಚಿನ ಮೇಲೆ ಪೇಪರ್ ಓದುತ್ತ ಕೂರಬೇಡಿ. ಸಾಲಿನಲ್ಲಿ ನಿಮಗಿಂತ ಹೆಚ್ಚು ನೋಯುವವರು ನಿಮ್ಮ ಹಿಂದೆ ನಿಂತಿದ್ದರೆ ಸರಿಯಿರಿ. ನಿಮ್ಮ ಮೂಗು ಎಲ್ಲೂ ಓಡಿಹೋಗುವುದಿಲ್ಲ.

ನಾಳೆಯ ಮಾತಾಯಿತು. ಈಗ ಈ ಹೊತ್ತಿನದು. ಪ್ರವಚನ ಮುಗಿದ ಕೂಡಲೆ ದಾಸೋಹ. ಗೋಧಿ ಹುಗ್ಗಿಯ ವಾಸನೆ ನಿಮಗೂ ಬರುತ್ತಿದೆ, ನನಗೂ ಬರುತ್ತಿದೆ. ಅಡುಗೆಯವರಿಗೆ ಹೇಳಿಬಂದಿದ್ದೇನೆ: ಇವತ್ತು ಬೋಗುಣಿ ಆ ಚಪ್ಪಲಿ ಬಿಡುವ ಜಾಗದ ಹತ್ತಿರದಿಂದ ಹೊರಡುತ್ತದೆ. ಹೊರಗೆ ಕತ್ತಲಲ್ಲಿ ನಿಂತು ಕೇಳುತ್ತಿರುವ ತಾಯಂದಿರೇ, ಮುಸುರೆ ತಿಕ್ಕುವ ಅಕ್ಕಂದಿರೇ, ಕಾಲು ರಾಡಿ ಎಂದು ಅಂಜಬೇಡಿ, ಒಳಗೆ ಬನ್ನಿ. ಮುಂದೆ ಕೂತವರೇ, ನಾನೂ ನಿಮ್ಮ ಜೊತೆಗೇ ಇದ್ದೇನೆ. ನಮ್ಮ ಎಲೆಗೆ ಬರುವ ಹೊತ್ತಿಗೆ ಬೋಗುಣಿಯ ತಳ ಕೆರೆಯುವ ಸಪ್ಪಳ ಕೇಳಿಸಬಹುದು. ಕೇಳಿಸಲಿ. ಒಂದು ದಿನವಾದರೂ ಆ ಸಪ್ಪಳ ನಮ್ಮ ಕಿವಿಗೆ ಬೀಳಲಿ.

ಏಳಿ. ಆದರೆ ಮೊದಲು ದಾರಿ ಬಿಡಿ, ಅವರು ಬರುತ್ತಿದ್ದಾರೆ. ಹೆಜ್ಜೆ ನೋಡಿಕೊಳ್ಳಿ, ತುಳಿಯಬೇಡಿ.